ಹನ್ನೊಂದನೆಯ ಬೊಂಬೆ

ಜನವರಿ 12

ಅಕ್ಕಾ,

ಮೂರು ದಿನದಿಂದ ಫೋನ್ ಮಾಡಿ ಮಾಡಿ ಸಾಕಾಯಿತು, ನೀನು ಎತ್ತುತ್ತಿಲ್ಲ. ಒಂದೇ ಊರಿನಲ್ಲಿದ್ದುಕೊಂಡು, ಎರಡು ಬಸ್ಸು ಬದಲಾಯಿಸಿದರೆ ಸಿಗುವ ಅಕ್ಕನಿಗೆ ಅಂಚೆಯಲ್ಲಿ ಕಾಗದ ಹಾಕುವವಳು ನಾನೊಬ್ಬಳೇ ಇರಬೇಕು. ಮನೆಗೆ ಹಾಕಿದರೆ ಮೊದಲು ಭಾವನ ಕೈಗೆ ಸಿಗುತ್ತದೆಂದು ನಿನ್ನ ಹೊಲಿಗೆ ಅಂಗಡಿಯ ವಿಳಾಸ ಬರೆದಿದ್ದೇನೆ. ಅಲ್ಲಿ ಯಾರಾದರೂ ಕೇಳಿದರೆ ತಂಗಿಗೆ ತಲೆ ಕೆಟ್ಟಿದೆ ಅನ್ನು, ನಂಬುತ್ತಾರೆ.

ಪ್ರದರ್ಶನ ಮುಗಿಯಿತು. ಹತ್ತೊಂಬತ್ತು ಕಂಚಿನ ಬೊಂಬೆಗಳಲ್ಲಿ ಆರು ಮಾರಾಟವಾದವು. ನನ್ನ ಭಯಗಳನ್ನು ದುಡ್ಡು ಕೊಟ್ಟು ಮನೆಗೆ ಒಯ್ಯುವವರೂ ಇದ್ದಾರೆಂದು ಈಗ ಗೊತ್ತಾಯಿತು. ಲಿಫ್ಟಿನ ಬಾಗಿಲಿಗೆ ಸಿಕ್ಕಿಕೊಂಡವಳನ್ನು ಒಬ್ಬ ಹಲ್ಲಿನ ಡಾಕ್ಟರ್ ಕೊಂಡರು. ಹಲ್ಲುಗಳೆಲ್ಲ ಅಂಗೈಗೆ ಉದುರಿದವಳನ್ನು ಕೊಳ್ಳುತ್ತಾರೆಂದು ನಾನು ಕಾದದ್ದೇ ಬಂತು. ಎರಕದ ಮೇಸ್ತ್ರಿಯೂ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ವಾರವೆಲ್ಲ ಪಂಪಿನ ಬಿಡಿಭಾಗ ಎರಕ ಹೊಯ್ದು, ಶನಿವಾರ ಲೋಹ ಕರಗಿಸುವ ಮೂಸೆಯ ತಳದಲ್ಲಿ ನನಗೆಂದು ಒಂದಿಷ್ಟು ಕಂಚು ಉಳಿಸುವ ಪುಣ್ಯಾತ್ಮ ಅವರೇ. ಎಲ್ಲವನ್ನೂ ಒಂದು ಸುತ್ತು ನೋಡಿ, "ಇಷ್ಟೊಂದು ಭಯ ಇಟ್ಕೊಂಡು ಊಟ ಹೇಗಮ್ಮಾ ಸೇರುತ್ತೆ ನಿನಗೆ?" ಅಂದರು. ಯಾರೋ ಅವರ ಹತ್ತಿರ ಒಂದು ಬೊಂಬೆಯ ಅರ್ಥ ಕೇಳಿದ್ದಕ್ಕೆ, "ಅರ್ಥ ಅವಳನ್ನ ಕೇಳಿ, ಎರಕದಲ್ಲಿ ಗುಳ್ಳೆ ಇದ್ರೆ ನನ್ನ ಕೇಳಿ" ಎಂದು ಕಳಿಸಿದರಂತೆ.

ಬಟಾಣಿ ಮಾಡಿದ್ದನ್ನು ನೀನು ನೋಡಿದೆಯಾ? ಕಾಲಿಲ್ಲದ ನಾಯಿಯ ಬಾಯೊಳಗೆ ಬೆರಳಿಟ್ಟು, "ಚಿಕ್ಕೀ, ಇದು ಕಚ್ಚಲ್ಲ, ಇದಕ್ಕೇ ಭಯ" ಅಂದಳು. ನಾಲ್ಕೂವರೆ ವರ್ಷದ ನಿನ್ನ ಮಗಳಿಗೆ ಹೊಳೆದದ್ದು ಪತ್ರಿಕೆಯವರಿಗೆ ಹೊಳೆಯಲಿಲ್ಲ. 

ಭಾವ ಹನ್ನೊಂದನೆಯ ಬೊಂಬೆಯ ಮುಂದೆ ತುಂಬಾ ಹೊತ್ತು ನಿಂತಿದ್ದರು. ಆಮೇಲೆ ನೀವು ಟೀ ಕೂಡ ಕುಡಿಯದೆ ಹೊರಟುಬಿಟ್ಟಿರಿ. ಮನೆಯಲ್ಲಿ ಏನಾದರೂ ಆಯಿತಾ? ಒಂದು ಸಾಲು ಬರೆ.

ನಿನ್ನ
ತಂಗಿ


ಫೆಬ್ರವರಿ 3

ಅಕ್ಕಾ,

ಉತ್ತರ ಬರಲಿಲ್ಲ. ಬಾರದಿರುವುದೇ ಸರಿ. ಹೋದ ಕಾಗದದಲ್ಲಿ ಏನೂ ಗೊತ್ತಿಲ್ಲದವಳ ಹಾಗೆ "ಏನಾದರೂ ಆಯಿತಾ" ಎಂದು ಕೇಳಿದೆ. ಗೊತ್ತಿತ್ತು. ಭಾವ ಬಗ್ಗಿ ನೋಡುತ್ತಿದ್ದಾಗಲೇ ನಾನು ಬೇರೆ ಬೊಂಬೆಯ ಕಡೆಗೆ ತಿರುಗಿಕೊಂಡೆ.

ಬಟಾಣಿ ಏಳು ತಿಂಗಳ ಮಗುವಿದ್ದಾಗ ನೀನು ನನ್ನ ಕೋಣೆಗೆ ಬಂದು ಹೇಳಿದೆ. ಹೆರಿಗೆಯಾದ ಮೊದಲ ಮೂರು ತಿಂಗಳು, ಭಾವ ಕೆಲಸಕ್ಕೆ ಹೋದ ಮೇಲೆ, ಮಗು ತೋಳಲ್ಲಿದ್ದಾಗ ನಿಮ್ಮ ನಾಲ್ಕನೇ ಮಹಡಿಯ ಮನೆಯ ಕಿಟಕಿ ಕಂಡರೆ ನಿನ್ನ ಕೈಗಳ ಮೇಲೆ ನಿನಗೇ ನಂಬಿಕೆ ಇರಲಿಲ್ಲ ಎಂದೆ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಶಾಲಿನಿಂದ ಎರಡೂ ಕೈಗಳನ್ನು ಮಂಚದ ಕಾಲಿಗೆ ಕಟ್ಟಿಕೊಂಡು ನೆಲದ ಮೇಲೆ ಕೂರುತ್ತಿದ್ದೆ. ಎರಡನೆಯ ಕೈಯ ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದೆ. ಮಗು ಅತ್ತರೆ ಹಲ್ಲಿನಿಂದಲೇ ಬಿಚ್ಚಿ, ಹೋಗಿ ಹಾಲು ಕೊಟ್ಟು, ಬಂದು ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಅದು ಬಂದ ಹಾಗೇ ತಾನಾಗಿ ಹೋಯಿತು. ಹೇಳಿ ಮುಗಿಸಿ, "ಯಾರಿಗೂ ಹೇಳಬೇಡ ಕಣೇ" ಅಂದೆ. "ಗೋಡೆಗೂ ಹೇಳಲ್ಲ" ಅಂದೆ ನಾನು.

ಗೋಡೆಗೆ ಹೇಳಲಿಲ್ಲ. ಮೇಣದಲ್ಲಿ ಮಾಡಿದೆ. ಮಂಚದ ಕಾಲಿಗೆ ಶಾಲಿನಿಂದ ಕಟ್ಟಿಕೊಂಡ ಕೈಗಳು, ಪಕ್ಕದಲ್ಲಿ ತೊಟ್ಟಿಲು, ಎದುರಿಗೆ ತೆರೆದ ಕಿಟಕಿ, ಎಲ್ಲವನ್ನೂ. ಹೋದ ವರ್ಷ ಹತ್ತು ಬೊಂಬೆ ಆದ ಮೇಲೆ ನನ್ನ ಸ್ವಂತ ಭಯಗಳೆಲ್ಲ ಸಪ್ಪೆ ಅನ್ನಿಸತೊಡಗಿದವು. ನಾಯಿ, ನೀರು, ಲಿಫ್ಟು. ನಿನ್ನದು ನೆನಪಾಯಿತು. ನೆನಪಾಗುವುದೇನು, ನಾಲ್ಕು ವರ್ಷದಿಂದ ಅದು ನನ್ನ ತಲೆಯಲ್ಲಿ ಕೂತೇ ಇತ್ತು. ಮುಖ ಮಾಡದಿದ್ದರೆ ಯಾರೆಂದು ಗೊತ್ತಾಗುವುದಿಲ್ಲ ಎಂದುಕೊಂಡೆ. ನನ್ನ ಯಾವ ಬೊಂಬೆಗೂ ಮುಖವಿಲ್ಲ, ನಿನಗೆ ಗೊತ್ತು. ಆದರೆ ಮೇಣ ಬೆಚ್ಚಗಿರುವಾಗ ಕೈ ತನಗೆ ಗೊತ್ತಿರುವುದನ್ನೇ ಮಾಡುತ್ತದೆ. ಎಡಗೈಯ ಕಿರುಬೆರಳು ತಾನಾಗಿ ಒಳಕ್ಕೆ ಬಾಗಿಕೊಂಡಿತು. ಚಿಕ್ಕವರಿದ್ದಾಗ ನಾನು ಬಾಗಿಲನ್ನು ದಢಕ್ಕನೆ ಬಡಿದು ಮುಚ್ಚಿ ಮುರಿದ ಬೆರಳು. ನಡೆಯಲು ಕಲಿತಾಗಿನಿಂದ ನಾನು ಹಿಡಿದುಕೊಂಡದ್ದು ಆ ಕೈಯನ್ನೇ. 

ಮೇಣದಲ್ಲಿದ್ದಾಗ ನಾನು ಅದನ್ನು ಗಮನಿಸಲಿಲ್ಲ, ಇದು ನಿಜ. ಮಣ್ಣಿನ ಅಚ್ಚು ಒಡೆದು, ಕಂಚನ್ನು ಅರದಿಂದ ಉಜ್ಜುವಾಗ ಕಂಡಿತು. ಅರದಲ್ಲಿ ತೇಯ್ದು ಆ ಬೆರಳನ್ನು ಅಳಿಸಿಬಿಡುವುದು ಎರಡು ನಿಮಿಷದ ಕೆಲಸ. ಅಳಿಸಲಿಲ್ಲ. ಅದು ಚೆನ್ನಾಗಿತ್ತು ಅಕ್ಕಾ. ಹತ್ತೊಂಬತ್ತರಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಅದೊಂದೇ. ಅದಕ್ಕೇ ಬಿಟ್ಟೆ.

ಬೇರೆ ನೆವ ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ಬೈಯಲಾದರೂ ಬರೆ.

ತಂಗಿ


ಫೆಬ್ರವರಿ 19

ಬೈಯಲಾದರೂ ಬರೆ ಅಂದಿದ್ದೀಯ. ತಗೋ.

ನಾನು ಬಟ್ಟೆ ಕತ್ತರಿಸಿ ಹೊಟ್ಟೆ ಹೊರೆಯುವವಳು. ಹದಿನಾರು ವರ್ಷದಲ್ಲಿ ಎಂತೆಂಥ ಬಟ್ಟೆ ಈ ಮೇಜಿನ ಮೇಲೆ ಬಂದು ಹೋಯಿತು. ಹೊಲಿಯಲು ಕೊಟ್ಟದ್ದನ್ನು ಒಂದು ದಿನವೂ ನಾನು ಹಾಕಿಕೊಂಡು ಬೀದಿಗೆ ಹೋಗಲಿಲ್ಲ. ಚೆನ್ನಾಗಿತ್ತು ಅದಕ್ಕೇ ಹಾಕಿಕೊಂಡೆ ಎಂದು ಯಾವ ಗಿರಾಕಿಗೂ ಹೇಳಲಿಲ್ಲ. ನಾನು ಹೇಳಿದ್ದು ನನ್ನ ತಂಗಿಗೆ ಕಣೇ. ಬೊಂಬೆ ಮಾಡುವವಳಿಗೆ ಅಲ್ಲ.

ಏನಾಯಿತೆಂದು ಕೇಳಿದೆಯಲ್ಲ, ಕೇಳು. ಪ್ರದರ್ಶನದ ಮರುದಿನ ಬೆಳಿಗ್ಗೆ ನಿನ್ನ ಭಾವ ಫೋನಿನಲ್ಲಿ ತೆಗೆದಿದ್ದ ಫೋಟೋವನ್ನು ಅಡುಗೆಮನೆಗೆ ತಂದು ತೋರಿಸಿದರು. ಅವರ ಕೆಲಸ ನಿನಗೆ ಗೊತ್ತಲ್ಲ, ವಿಮೆ ಕಂಪನಿಗೆ ಅಪಘಾತದ ತಪಾಸಣೆ. ಎಲ್ಲಿ ಬಿರುಕು ಬಿಟ್ಟಿತ್ತು, ಯಾರು ನೋಡಿಯೂ ಸುಮ್ಮನಿದ್ದರು, ಇದೇ ಅವರ ಹೊಟ್ಟೆಪಾಡು. "ಇದು ನಿನ್ನ ಕೈ ಅಲ್ವಾ?" ಎಂದು ಕೇಳಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪಾತ್ರೆ ತೊಳೆಯುತ್ತಿದ್ದೆ, ತೊಳೆದದ್ದನ್ನೇ ತೊಳೆದೆ. ಅವರು ಒಳಗೆ ಹೋಗಿ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದರು. ಒಂದೊಂದಾಗಿ ಚಿಲಕ ಬೀಳುವ ಸದ್ದು ನನಗೆ ಕೇಳುತ್ತಿತ್ತು.

ಮಧ್ಯಾಹ್ನ ಬಟಾಣಿಯನ್ನು ತಮ್ಮ ಅಕ್ಕನ ಮನೆಗೆ ಕರೆದುಕೊಂಡು ಹೋದರು. ಎರಡು ದಿನ ಅಂದರು. ಇವತ್ತಿಗೆ ನಲವತ್ತು ದಿನ. ಅವರೂ ಅಲ್ಲೇ ಇದ್ದಾರೆ. ಭಾನುವಾರ ನಾಲ್ಕರಿಂದ ಆರರವರೆಗೆ ನಾನು ಹೋಗಿ ನನ್ನ ಮಗಳನ್ನು ನೋಡಬಹುದು. ಅತ್ತಿಗೆ ಬಾಗಿಲು ತೆರೆದಿಟ್ಟು ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಒಳ್ಳೆಯ ಹೆಂಗಸು, ನನ್ನ ಮುಖ ನೋಡುವುದಿಲ್ಲ. ಹೋದ ವಾರ ಬಟಾಣಿ ನನ್ನ ತೊಡೆಯ ಮೇಲೆ ಕೂತು, "ಅಮ್ಮಾ, ನಿನಗೆ ಹುಷಾರಿಲ್ವಾ? ಯಾವಾಗ ಹುಷಾರಾಗ್ತೀಯ?" ಎಂದು ಕೇಳಿದಳು.

ನೀನು ಬಾಗಿಲು ಬಡಿದಾಗ ನನಗೆ ಹತ್ತು ವರ್ಷ. ಬೆರಳು ಮುರಿದು ನೇತಾಡುತ್ತಿದ್ದರೂ, ನಿನಗೆ ಏಟು ಬೀಳುತ್ತದೆಂದು ನಾನೇ ಬಾಗಿಲಿಗೆ ಸಿಕ್ಕಿಸಿಕೊಂಡೆ ಎಂದು ಅಮ್ಮನಿಗೆ ಸುಳ್ಳು ಹೇಳಿದ್ದೆ. ಅದು ನಿನಗೆ ಗೊತ್ತಿದೆಯೋ ಇಲ್ಲವೋ.

ಇನ್ನು ಬರೆಯಬೇಡ.

ಅಕ್ಕ


ಮಾರ್ಚ್ 4

ಅಕ್ಕಾ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿದ ದಿನ ಹನ್ನೊಂದನೆಯದನ್ನು ಚೀಲಕ್ಕೆ ಹಾಕಿಕೊಂಡು ಎರಕದ ಮನೆಗೆ ಹೋದೆ. "ಇದನ್ನ ಕರಗಿಸಿಬಿಡಿ" ಅಂದೆ. ಮೇಸ್ತ್ರಿ ತಿರುಗಿಸಿ ತಿರುಗಿಸಿ ನೋಡಿ, "ಗುಳ್ಳೆ ಇದೆಯಾ?" ಅಂದರು. ಇಲ್ಲ ಅಂದೆ. "ಮತ್ಯಾಕೆ? ನಿನ್ನ ಕೈಯಿಂದ ಇಂಥದು ಇನ್ನೊಂದು ಬರಲ್ಲ." ನಾನು ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕೂತು ಅತ್ತುಬಿಟ್ಟೆ. ಅವರು ಒಲೆ ಹೊತ್ತಿಸಿದರು. ಇಕ್ಕಳದಲ್ಲಿ ಹಿಡಿದು ಮೂಸೆಗೆ ಇಳಿಸಿದರು. ಮೊದಲು ಶಾಲು ಕರಗಿತು, ಆಮೇಲೆ ಮಂಚ. ಕೈ ಕೊನೆಯವರೆಗೂ ಹಾಗೇ ಇತ್ತು, ಅಥವಾ ನನಗೆ ಹಾಗೆ ಕಂಡಿತು. ಅದೇ ಕಂಚಿನಲ್ಲಿ ಪಂಪಿನ ದಂಡಕ್ಕೆ ಬಳೆಯಂತೆ ತೊಡಿಸುವ ಬುಷ್‌ಗಳನ್ನು ಹೊಯ್ದರು.

ಕರಗಿಸಿ ಏನು ಬಂತು? ಫೋಟೋ ಭಾವನ ಫೋನಿನಲ್ಲಿದೆ. ಪ್ರದರ್ಶನದ ಪುಸ್ತಿಕೆಯಲ್ಲಿ ಅರ್ಧ ಪುಟ ಅದೇ ಇದೆ. ಊರಿಗೆಲ್ಲ ಹಂಚಿದ ಮೇಲೆ ಒಲೆಗೆ ಹಾಕಿದ ಬುದ್ಧಿವಂತೆ ನಾನು.

ಬೆರಳಿನ ವಿಷಯ ನನಗೆ ಗೊತ್ತಿರಲಿಲ್ಲ ಅಕ್ಕಾ. ಅಮ್ಮ ಯಾಕೆ ನನಗೆ ಹೊಡೆಯಲಿಲ್ಲ ಎಂದು ಎಷ್ಟೋ ವರ್ಷ ಆಶ್ಚರ್ಯಪಟ್ಟಿದ್ದೆ.

ಹೊಸದೇನೂ ಮಾಡುತ್ತಿಲ್ಲ. ಮೇಣ ಕೈಗೆ ಅಂಟಿದರೆ ಎದ್ದುಹೋಗಿ ತೊಳೆದುಕೊಂಡು ಬರುತ್ತೇನೆ. ನಾನು ಏನು ಮಾಡಬೇಕು ಹೇಳು. ಭಾವನ ಕಾಲಿಗೆ ಬೀಳಲಾ? ನಿನ್ನ ಅತ್ತಿಗೆಯ ಮನೆಯ ಮೆಟ್ಟಿಲ ಮೇಲೆ ಕೂರಲಾ? ನೀನು ಏನು ಹೇಳಿದರೂ ಮಾಡುತ್ತೇನೆ.

ತಂಗಿ


ಮಾರ್ಚ್ 20

ಏನು ಹೇಳಿದರೂ ಮಾಡುತ್ತೇನೆ ಎಂದು ಬರೆದಿದ್ದೀಯ. ಹದಿನೈದು ದಿನ ಆ ಸಾಲನ್ನು ಅಂಗಡಿಯ ಡ್ರಾಯರಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಏಪ್ರಿಲ್ ಮುಗಿಯುವುದರೊಳಗೆ ನಿನ್ನ ಭಾವ ಕೋರ್ಟಿಗೆ ಹೋಗುತ್ತಾರಂತೆ, ಮಗು ತಮ್ಮ ಹತ್ತಿರವೇ ಇರಬೇಕೆಂದು. ನಾನೂ ಒಬ್ಬ ವಕೀಲೆಯ ಹತ್ತಿರ ಹೋಗಿದ್ದೆ. ಎಲ್ಲವನ್ನೂ ಕೇಳಿ ಆಕೆ ಹೇಳಿದ್ದು ಇಷ್ಟು: "ಅವರ ಹತ್ರ ಇರೋದು ಒಂದು ಫೋಟೋ, ನಿಮ್ಮ ಮೌನ. ನೀವು ಬಾಯಿಬಿಟ್ಟು ಏನೂ ಹೇಳಿಲ್ಲ. ಬೊಂಬೆ ಮಾಡಿದವರೇ ಅದು ತಮ್ಮ ಕಥೆ ಅಂದ್ರೆ ಅಲ್ಲಿಗೆ ಮುಗೀತು."

ಆಗುವುದಿಲ್ಲ ಎಂದು ಎದ್ದು ಬಂದೆ. ನಿಜವನ್ನೇ ಹೇಳೋಣ, ಅದೊಂದು ಕಾಯಿಲೆ, ಬಂತು, ಹೋಯಿತು, ಎಷ್ಟೋ ತಾಯಂದಿರಿಗೆ ಬರುತ್ತದೆ ಎಂದು ಹೇಳೋಣ ಎಂದುಕೊಂಡೆ. ಹೇಳಿದರೆ ನಿನ್ನ ಭಾವನಿಗೆ ಅರ್ಥವಾಗುವುದಿಲ್ಲ ಎಂದಲ್ಲ. ಅರ್ಥವಾದ ಮೇಲೂ ಕಿಟಕಿ ಮುಚ್ಚುತ್ತಲೇ ಇರುತ್ತಾರೆ. ಮಗಳಿಗೆ ಸ್ನಾನ ಮಾಡಿಸುವಾಗ ಬಚ್ಚಲಿನ ಬಾಗಿಲಲ್ಲಿ ನಿಲ್ಲುತ್ತಾರೆ. ಅವಳು ದೊಡ್ಡವಳಾಗುವವರೆಗೂ ನಿಲ್ಲುತ್ತಾರೆ.

ಮೊನ್ನೆ ಭಾನುವಾರ ಬಟಾಣಿ ನನ್ನ ಎರಡೂ ಕೈಗಳನ್ನು ಹಿಡಿದು, ಅಂಗೈ ಮೇಲೆ ಮಾಡಿ, ಬೆರಳ ಸಂದಿಯಲ್ಲೆಲ್ಲ ನೋಡಿದಳು. "ಏನು ಹುಡುಕ್ತಿದೀಯ ಚಿನ್ನಾ?" ಅಂದೆ. "ಅಪ್ಪ ಅತ್ತೆ ಹತ್ರ ಹೇಳ್ತಿದ್ರು, ಎಲ್ಲಾ ನಿನ್ನ ಕೈಯಲ್ಲೇ ಇದೆ ಅಂತ. ಏನೂ ಇಲ್ವಲ್ಲ" ಅಂದಳು. ಅತ್ತಿಗೆ ಎದ್ದು ಒಳಗೆ ಹೋದರು. ಆರು ಗಂಟೆಗೆ ನಾನು ಹೊರಟಾಗ ಬಟಾಣಿ ಅಳಲಿಲ್ಲ. ಮೊದಲ ವಾರಗಳಲ್ಲಿ ಅಳುತ್ತಿದ್ದಳು. ಅಭ್ಯಾಸವಾಗುತ್ತಿದೆ ಅವಳಿಗೆ.

ಅದಕ್ಕೇ ಹೇಳುತ್ತಿದ್ದೇನೆ. ಅದು ನಿನ್ನದು ಎಂದು ಬರೆದುಕೊಡು. ನನ್ನಿಂದ ತೆಗೆದುಕೊಂಡಿದ್ದೀಯಲ್ಲ, ಪೂರ್ತಿ ತೆಗೆದುಕೋ.

ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಹೇಸಿಗೆ ಆಗುತ್ತಿದೆ. ಆದರೂ ಬರೆದೆ. ಓದಿ ಹರಿದುಹಾಕು.

ಅಕ್ಕ


ಮಾರ್ಚ್ 24

ಅಕ್ಕಾ,

ಆಗಲಿ.

ತಂಗಿ


ಏಪ್ರಿಲ್ 2

ಭಾವನವರಿಗೆ ನಮಸ್ಕಾರಗಳು.

ಎದುರಿಗೆ ಬಂದು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಹನ್ನೊಂದನೆಯ ಬೊಂಬೆಯಲ್ಲಿರುವವಳು ಅಕ್ಕ ಅಲ್ಲ, ನಾನು.

ಬಟಾಣಿ ಹುಟ್ಟಿದ ಮೊದಲ ತಿಂಗಳುಗಳಲ್ಲಿ ನಾನು ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತಿದ್ದದ್ದು ನಿಮಗೆ ನೆನಪಿರಬಹುದು. ನಾನು ಬಂದರೆ ಅಕ್ಕ ಒಳಕೋಣೆಗೆ ಹೋಗಿ ಒಂದೆರಡು ಗಂಟೆ ನಿದ್ದೆ ಮಾಡುತ್ತಿದ್ದಳು. ಮಗು ನನ್ನ ಜೊತೆ ಇರುತ್ತಿತ್ತು. ಆಗ ನಿಮ್ಮ ಕಿಟಕಿಗೆ ಕಂಬಿ ಇರಲಿಲ್ಲ. ಒಂದು ದಿನ ಮಗುವನ್ನು ಎತ್ತಿಕೊಂಡು ಅಲ್ಲಿ ನಿಂತಿದ್ದಾಗ ನನಗೆ ಬರಬಾರದ ಯೋಚನೆ ಬಂತು. ನಾನು ಬೇಕೆಂದು ಯೋಚಿಸಿದ್ದಲ್ಲ, ಯಾರೋ ಒಳಗೆ ತಂದು ಇಟ್ಟ ಹಾಗೆ ಬಂತು. ಆಮೇಲೆ ದಿನವೂ ಬಂತು. ಮಗುವನ್ನು ತೊಟ್ಟಿಲಿಗೆ ಹಾಕಿ, ಅಕ್ಕನ ಶಾಲಿನಿಂದ ಕೈಗಳನ್ನು ಮಂಚದ ಕಾಲಿಗೆ ಕಟ್ಟಿಕೊಂಡು ಕೂರುತ್ತಿದ್ದೆ. ಎರಡನೆಯ ಗಂಟನ್ನು ಹಲ್ಲಿನಿಂದ ಹಾಕುತ್ತಿದ್ದೆ. ಉಣ್ಣೆಯ ಎಳೆ ಹಲ್ಲಿನ ಸಂದಿಯಲ್ಲಿ ಉಳಿದು ಸಂಜೆಯವರೆಗೂ ನಾಲಿಗೆಗೆ ಸಿಗುತ್ತಿತ್ತು. ಮಗುವಿನ ಒಂದು ಕೂದಲೂ ಕೊಂಕಲಿಲ್ಲ. ನಾನು ಕೊಂಕಲು ಬಿಡಲಿಲ್ಲ. ಇದನ್ನು ಮಾತ್ರ ನೀವು ನಂಬಬೇಕು. ಆ ಕೈಗಳನ್ನು ಕಟ್ಟಿದ್ದು ಪ್ರೀತಿಯೇ.

ಬೆರಳಿನ ಬಗ್ಗೆ ನೀವು ಕೇಳಬಹುದು. ನಾನು ಕೈ ಮಾಡಲು ಕಲಿತದ್ದು ಅಕ್ಕನ ಕೈ ನೋಡಿ. ಮನೆಯಲ್ಲಿ ಉಳಿದಿರುವ ಬೊಂಬೆಗಳನ್ನೆಲ್ಲ ನಿನ್ನೆ ತೆಗೆದು ನೋಡಿದೆ. ಐದರಲ್ಲಿ ಎಡಗೈಯ ಕಿರುಬೆರಳು ಬಾಗಿದೆ. ನೀರಿಗೆ ಬಿದ್ದವಳದ್ದು, ಹೆಸರು ಮರೆತವಳದ್ದು, ಇನ್ನೂ ಮೂವರದ್ದು. ನನಗೇ ಗೊತ್ತಿರಲಿಲ್ಲ. ಫೋಟೋಗಳನ್ನು ಜೊತೆಗಿಟ್ಟಿದ್ದೇನೆ.

ನೀವು ಕೇಳಿದಾಗ ಅಕ್ಕ ಯಾಕೆ ಸುಮ್ಮನಿದ್ದಳು ಎಂದರೆ, ಇದನ್ನು ನಾನು ಅವಳೊಬ್ಬಳಿಗೆ ಹೇಳಿದ್ದೆ. ಯಾರಿಗೂ ಹೇಳಬೇಡ ಎಂದು ಬೇಡಿಕೊಂಡಿದ್ದೆ. ಮಗಳನ್ನು ಕರೆದುಕೊಂಡು ಹೋಗುತ್ತಿದ್ದರೂ ಅವಳು ಬಾಯಿ ಬಿಡಲಿಲ್ಲ. ಒಬ್ಬರು ನಂಬಿ ಹೇಳಿದ್ದನ್ನು ಹಾಗೆ ಕಾಯುವವರು ಅವಳಂಥವರು ಮಾತ್ರ. ನನ್ನಿಂದ ಅದು ಆಗುತ್ತಿರಲಿಲ್ಲ.

ಮಗುವನ್ನು ಅವಳ ತಾಯಿಯ ಹತ್ತಿರ ಬಿಡಿ ಭಾವ. ತಪ್ಪು ನನ್ನದು. ಇದು ನನ್ನ ಕೈಬರಹ, ಕೆಳಗೆ ನನ್ನ ಸಹಿ ಇದೆ.

ಇಂತಿ,
ನಿಮ್ಮ ನಾದಿನಿ


ಏಪ್ರಿಲ್ 16

ನಿಮ್ಮ ಪತ್ರ ತಲುಪಿತು.

ಇಷ್ಟು ವರ್ಷ "ಏ ಮರಿ" ಎಂದು ಕರೆಯುತ್ತಿದ್ದವನು ಇಂದು ಹೀಗೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಬೇರೆ ರೀತಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ.

ಅಪಘಾತವಾದ ಮೇಲೆ ಹೋಗಿ ನೋಡುವುದು ನನ್ನ ಕೆಲಸ. ಪ್ರತಿ ಸಲವೂ ಯಾರೋ ಒಬ್ಬರು ಮುಂಚೆಯೇ ಏನನ್ನೋ ನೋಡಿರುತ್ತಾರೆ, ನೋಡಿ ಸುಮ್ಮನಿರುತ್ತಾರೆ. ಆ ಒಬ್ಬ ನಾನಾಗಬಾರದು ಎಂಬುದಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ನಾನು ಕೆಟ್ಟವನಲ್ಲ. ಹೆದರಿದ್ದೆ. ಹೆಂಡತಿಯ ಮುಂದೆ ಕೂತು, ಏನಾಗಿತ್ತು ಹೇಳು ಎಂದು ಇನ್ನೊಂದು ಸಲ ಕೇಳಲಿಲ್ಲ. ಅದು ನನ್ನ ತಪ್ಪು, ಅದನ್ನು ಅವಳ ಹತ್ತಿರ ಹೇಳಿಕೊಂಡಿದ್ದೇನೆ.

ಬರುವ ಹೇಳಿಕೆಗಳು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚುವುದು ನನ್ನ ವೃತ್ತಿ. ನಿಮ್ಮದನ್ನು ಹಚ್ಚಲಿಲ್ಲ. ನಂಬುತ್ತೇನೆ. ನಂಬದಿದ್ದರೆ ನಮ್ಮ ಮನೆ ಉಳಿಯುವುದಿಲ್ಲ.

ಭಾನುವಾರ ಮಗಳನ್ನು ಕರೆದುಕೊಂಡು ಮನೆಗೆ ಹೋಗುತ್ತೇನೆ. ಆದರೆ ನೀವು ಇನ್ನು ಮುಂದೆ ಅವಳ ಹತ್ತಿರ ಬರಬಾರದು. ಮನೆಗೆ, ಶಾಲೆಗೆ, ಎಲ್ಲಿಗೂ. ಫೋನಿನಲ್ಲಿ ಮಾತನಾಡುವುದೂ ಬೇಡ. ಎಷ್ಟು ವರ್ಷ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ನಿಮ್ಮ ಅಕ್ಕ ಇದಕ್ಕೆ ಒಪ್ಪಿದ್ದಾಳೆ. ಜೊತೆಗಿರುವ ಕಾಗದಕ್ಕೆ ಸಹಿ ಹಾಕಿ ಕಳಿಸಿ.

ದಯವಿಟ್ಟು ಒಳ್ಳೆಯ ಡಾಕ್ಟರಿಗೆ ತೋರಿಸಿಕೊಳ್ಳಿ. ಖರ್ಚು ನಾನು ಕೊಡುತ್ತೇನೆ. ನಿಮಗೆ ಕೆಡುಕಾಗಲಿ ಎಂದು ನಾನು ಎಂದೂ ಬಯಸುವುದಿಲ್ಲ.

ಬಟಾಣಿಯ ತಂದೆ


ಮೇ 10

ಮುದ್ದು,

ಬಟಾಣಿ ಮನೆಗೆ ಬಂದು ಮೂರು ವಾರವಾಯಿತು. ಬಂದವಳೇ ಕೋಣೆ ಕೋಣೆಗೆ ಹೋಗಿ ಎಲ್ಲವೂ ಇದೆಯಾ ನೋಡಿದಳು. ನನ್ನ ಮೈಗೆ ಅಂಟಿಕೊಂಡು ಮಲಗುತ್ತಾಳೆ. ನಿನ್ನೆ ನಾನೇ ಸ್ನಾನ ಮಾಡಿಸಿ ಬಾಗಿಲು ಹಾಕಿಕೊಂಡೆ. ನಿನ್ನ ಭಾವ ಹೊರಗೆ ಪೇಪರ್ ಓದುತ್ತಿದ್ದರು, ಬರಲಿಲ್ಲ. ನೀರು ಹೊಯ್ಯುತ್ತಾ ಅತ್ತುಬಿಟ್ಟೆ. ಅವಳು ತನ್ನ ಕಣ್ಣಿಗೆ ಸೋಪು ಹೋಗಿದೆಯೆಂದು ಹಟ ಮಾಡುತ್ತಿದ್ದಳು, ನನ್ನ ಅಳು ಗೊತ್ತಾಗಲಿಲ್ಲ.

ನಿನಗೆ ಹೇಳಲೇಬೇಕಾದ ಒಂದು ಮಾತಿದೆ, ಇಲ್ಲದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಮೊದಲ ದಿನ ನಿನ್ನ ಭಾವ, "ಅವಳು ಚಿಕ್ಕಂದಿನಲ್ಲೂ ಹೀಗೇ ಇದ್ಲಾ?" ಎಂದು ಕೇಳಿದರು. ಊಹೂಂ ಎಂದರೆ ಮತ್ತೆ ಎಲ್ಲಿಗೆ ಹೋಗುತ್ತದೋ ಎಂದು ಭಯವಾಯಿತು. "ಹೌದು, ಸ್ವಲ್ಪ ಹಾಗೇ. ಒಂದ್ಸಲ ಬಾಗಿಲು ಬಡಿದು ನನ್ನ ಬೆರಳು ಮುರಿದಿದ್ಲು" ಅಂದುಬಿಟ್ಟೆ. ಇಪ್ಪತ್ತಾರು ವರ್ಷ ಅಮ್ಮನಿಗೂ ಹೇಳದೆ ಇಟ್ಟುಕೊಂಡಿದ್ದೆ ಕಣೇ. ಒಂದು ನಿಮಿಷದಲ್ಲಿ ಕೊಟ್ಟುಬಿಟ್ಟೆ. ಈಗ ನಿನಗೆ ಬೈಯುವ ಯೋಗ್ಯತೆಯೂ ನನಗೆ ಉಳಿಯಲಿಲ್ಲ.

ಬಟಾಣಿ ನಿನ್ನನ್ನು ಕೇಳುತ್ತಾಳೆ. ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು, ಈಗ ಎರಡು ಮೂರು ಸಲ. ಚಿಕ್ಕಿಗೆ ಹುಷಾರಿಲ್ಲ, ಹತ್ತಿರ ಹೋದರೆ ನೋವು ಮಾಡಿಬಿಡಬಹುದು, ಕಂಡರೆ ಅಮ್ಮನ ಹಿಂದೆ ನಿಂತುಕೋ ಎಂದು ನಿನ್ನ ಭಾವ ಹೇಳಿಕೊಟ್ಟಿದ್ದಾರೆ. ನಾನೂ ಪಕ್ಕದಲ್ಲಿ ಕೂತು ಹೌದು ಚಿನ್ನಾ ಅಂದೆ. "ಚಿಕ್ಕಿ ಕಚ್ಚುತ್ತಾಳಾ?" ಎಂದು ಕೇಳಿದಳು. ಇನ್ನು ಬರೆಯಲಾರೆ.

ನಿನ್ನನ್ನು ಕ್ಷಮಿಸಿದ್ದೇನಾ ಎಂದು ನೀನು ಕೇಳಿಲ್ಲ. ಮಾಡಿದ ತಪ್ಪಿಗೆ ಇನ್ನೂ ಸಿಟ್ಟಿದೆ, ಹೋಗಿಲ್ಲ. ಆದರೆ ಹೊಸ ಬಟ್ಟೆ ಮೇಜಿನ ಮೇಲೆ ಹಾಸಿ ಸೀಮೆಸುಣ್ಣ ಹಿಡಿದಾಗಲೆಲ್ಲ ನಿನ್ನ ನೆನಪಾಗಿ ಕೈ ನಿಲ್ಲುತ್ತದೆ. ಎರಡೂ ಇವೆ. ಏನು ಮಾಡಲಿ.

ಅಂಗಡಿಗೂ ಇನ್ನು ಬರೆಯಬೇಡ. ಅಂಗಡಿಯ ಯಜಮಾನರಿಗೆ ನಿನ್ನ ಭಾವನ ಪರಿಚಯವಿದೆ. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ
ಅಕ್ಕ


ಆಗಸ್ಟ್ 28

ಅಕ್ಕಾ,

ಇದೊಂದೇ, ಇನ್ನು ಬರೆಯುವುದಿಲ್ಲ. ಅಂಚೆಯಲ್ಲಿ ಹಾಕುತ್ತಿಲ್ಲ. ಮೇಸ್ತ್ರಿಯ ಹೆಂಡತಿ ಹೊಲಿಯಲು ಕೊಡುವ ರವಿಕೆ ಬಟ್ಟೆಯೊಳಗೆ ಇಟ್ಟಿರುತ್ತಾರೆ, ಓದಿ ಹರಿದುಬಿಡು.

ಮೊನ್ನೆ ಶನಿವಾರ ಚಪ್ಪಲಿ ಅಂಗಡಿಗಳ ಬೀದಿಯಲ್ಲಿ ನಿಮ್ಮನ್ನು ಕಂಡೆ. ಬೇಕೆಂದು ಬಂದದ್ದಲ್ಲ, ನಂಬು. ಮೇಣ ಕೊಳ್ಳಲು ಬಂದಿದ್ದೆ. ಹೌದು, ಮತ್ತೆ ಕೂತಿದ್ದೇನೆ. ಕೈಗಳೇ ಇಲ್ಲದ ಬೊಂಬೆ ಮಾಡಲು ನೋಡುತ್ತಿದ್ದೇನೆ, ಸರಿಯಾಗುತ್ತಿಲ್ಲ. ಸ್ವಲ್ಪ ಸೊರಗಿದ್ದೀಯ. ಭಾವ ಅಂಗಡಿಯೊಳಗೆ ದುಡ್ಡು ಕೊಡುತ್ತಿದ್ದರು. ನೀನು ಮೆಟ್ಟಿಲ ಮೇಲೆ ಕೂತು ಬಟಾಣಿಯ ಹೊಸ ಶೂವಿನ ಲೇಸು ಕಟ್ಟುತ್ತಿದ್ದೆ. ಎಷ್ಟು ಉದ್ದ ಆಗಿದ್ದಾಳೆ! ಮುಂದಿನ ಒಂದು ಹಲ್ಲು ಬಿದ್ದಿದೆ.

ನಿನಗಿಂತ ಮೊದಲು ಅವಳೇ ನನ್ನನ್ನು ನೋಡಿದಳು. ಆಮೇಲೆ ನಿನ್ನ ಬೆನ್ನ ಹಿಂದೆ ಸರಿದು ನಿನ್ನ ಶಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ನೀನು ತಲೆಯೆತ್ತಿದೆ, ನನ್ನನ್ನು ಕಂಡೆ, ಅವಳನ್ನು ಎತ್ತಿಕೊಂಡು ಒಳಗೆ ಹೋದೆ. ಸರಿಯಾಗಿ ಮಾಡಿದೆ ಅಕ್ಕಾ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಅದಕ್ಕಾಗಿ ನೀನು ಒಂದು ಹೊತ್ತೂ ಊಟ ಬಿಡಬೇಡ.

ನೀನು ಲೇಸಿನ ಗಂಟು ನೋಡುತ್ತಿದ್ದೆ, ಅದಕ್ಕೇ ನಿನಗೆ ಕಾಣಿಸಲಿಲ್ಲ. ಅಷ್ಟನ್ನು ಹೇಳಲೆಂದೇ ಇಷ್ಟು ಬರೆದೆ. ಅವಳು ನನ್ನನ್ನು ಕಂಡ ತಕ್ಷಣ ನಕ್ಕಳು. ಬಾಯಿತುಂಬ ನಕ್ಕು, ಎರಡೂ ಕೈ ಮೇಲೆತ್ತಿ, "ಚಿಕ್" ಅನ್ನುವವರೆಗೆ ಬಂದಳು. ಆಮೇಲೆ ಅವಳಿಗೆ ನೆನಪಾಯಿತು.

ನಕ್ಕದ್ದನ್ನು ಭಾವನೂ ನೋಡಿರಬಹುದು, ಅಂಗಡಿಯ ಗಾಜು ಆ ಕಡೆಗೇ ಇತ್ತು. ಮೊದಲು ನಕ್ಕಳೆಂದು ಅವಳನ್ನು ಬೈಯಬೇಡಿ.

ತಂಗಿ